ಮೂಗು ಮೇಸ್ತ್ರಿಯ ಒಳಜೇಬು

ಆ ಮನೆಯಲ್ಲಿ ಹಾಲು ಒಲೆಗೇರುವ ಮೊದಲು ಮೂಗು ಮೇಸ್ತ್ರಿಯ ಮೂಗಿನ ಕೆಳಗೆ ಹಾದುಹೋಗಬೇಕಿತ್ತು. ಹೆಂಡತಿ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ನಿಲ್ಲುವಳು. ಅವನು ಪತ್ರಿಕೆ ಮಡಚಿ, ಕನ್ನಡಕವನ್ನು ಹಣೆಗೇರಿಸಿ, ಗದ್ದ ಎತ್ತಿ, ಎರಡು ಸಲ ಉಸಿರೆಳೆದು, "ಪರವಾಗಿಲ್ಲ, ಕಾಯಿಸು" ಎನ್ನುವನು. ಅವಳು ಅಡುಗೆಮನೆಗೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ, ಚಮಚದ ತುದಿಯಿಂದ ಒಂದು ಹನಿ ನಾಲಿಗೆಗೆ ಮುಟ್ಟಿಸಿ ನೋಡುವಳು. ಒಲೆ ಹಚ್ಚುವುದು ಆಮೇಲೆ. ಹಾಲು ಹುಳಿಯಾಗಿದ್ದ ದಿನ ಅದನ್ನು ಸದ್ದಿಲ್ಲದೆ ಮೋರಿಗೆ ಸುರಿದು, "ಅಯ್ಯೋ, ಕೈಜಾರಿ ಚೆಲ್ಲಿಬಿಡ್ತು" ಎಂದು ಎಲ್ಲರಿಗೂ ಕರಿ ಚಹಾ ಕೊಡುವಳು. ಬೀದಿಯವರ ಬಟ್ಟೆಯನ್ನೆಲ್ಲ ಹೊಲಿದುಕೊಡುವ, ಎಲ್ಲರೂ ಟೈಲರಮ್ಮ ಎಂದು ಕರೆಯುವ ಹೆಂಗಸು ಅವಳು. ಸಂಜೆ ಮಬ್ಬಿನಲ್ಲೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವ ಆ ಕೈ ಹಾಲಿನ ಪಾತ್ರೆಗೆ ಮಾತ್ರ ಹೇಗೆ ಜಾರುತ್ತದೆಂದು ಮಕ್ಕಳು ಯಾವತ್ತೂ ಕೇಳಲಿಲ್ಲ.

ಮೇಸ್ತ್ರಿಗೆ ಆ ಹೆಸರು ಬಂದದ್ದು ಉಕ್ಕಿನ ಕಾರ್ಖಾನೆಯಲ್ಲಿ. ಅಲ್ಲಿ ಕಲ್ಲಿದ್ದಲನ್ನು ಗಾಳಿ ತಾಕದಂತೆ ಬೇಯಿಸಿ ಕೋಕ್ ಮಾಡುವ ಎತ್ತರದ ಒಲೆಗಳ ಸಾಲು ಇದೆ; ಅದನ್ನು ಬ್ಯಾಟರಿ ಎನ್ನುತ್ತಾರೆ. ಆ ಒಲೆಗಳ ಬಾಗಿಲ ಸಂದಿಯಿಂದ ಅನಿಲ ಸೋರಿದರೆ ಮೊದಲು ತಲೆನೋವು, ಆಮೇಲೆ ಜೋಂಪು, ಆಮೇಲೆ ಏನೂ ಇಲ್ಲ. ಯಾವ ಬಾಗಿಲು ಸೋರುತ್ತಿದೆ ಎಂದು ಹುಡುಕಿ ಭದ್ರಪಡಿಸುವುದು ಬಾಗಿಲಿನವರ ಕೆಲಸ. ಮೇಸ್ತ್ರಿ ಅವರ ಮುಖಂಡ. ಹರೆಯದಲ್ಲಿ ಒಮ್ಮೆ, ಊಟದ ಡಬ್ಬಿ ಬಿಚ್ಚಿ ಕೂತಿದ್ದ ಹನ್ನೊಂದು ಜನರನ್ನು "ಏಳ್ರೋ, ಹೊರಗೆ ನಡೀರಿ" ಎಂದು ಅಟ್ಟಿದ್ದ. ಅವರು ಬಾಯಿಗೆ ಬಂದಂತೆ ಬೈಯುತ್ತಾ ಹೊರಬಂದ ಸ್ವಲ್ಪ ಹೊತ್ತಿಗೆ ಆ ಕೋಣೆಯ ಬೆಕ್ಕು ಸತ್ತುಬಿದ್ದಿತ್ತು. ಅಂದಿನಿಂದ ಕಂಪನಿ ಕೊಟ್ಟ ಅನಿಲದ ಮೀಟರುಗಳು ಗೋಡೆಯ ಮೊಳೆಗೆ ತೂಗುಬಿದ್ದವು, ಮೇಸ್ತ್ರಿಯ ಮೂಗೇ ಮೀಟರಾಯಿತು.

ಆ ಮೂಗು ಸತ್ತು ಏಳು ವರ್ಷವಾಗಿತ್ತು. ಒಂದು ಕೆಟ್ಟ ಜ್ವರ ಬಂದು ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಟೈಲರಮ್ಮನಿಗೆ ಅದು ತಿಳಿದದ್ದು ಒಂದು ಮಧ್ಯಾಹ್ನ. ಒಲೆಯ ಮೇಲೆ ಬೇಳೆ ಇಟ್ಟು, ಹೊಲಿದ ಬಟ್ಟೆ ಕೊಟ್ಟುಬರಲು ಹೋಗಿದ್ದವಳು ಮಾತಿಗೆ ನಿಂತು ತಡಮಾಡಿದಳು. ತಿರುಗಿ ಬಂದಾಗ ಬೀದಿಯ ತಿರುವಿನಲ್ಲೇ ಸೀದ ವಾಸನೆ ಮೂಗಿಗೆ ಬಡಿಯಿತು. ಓಡಿ ಒಳಗೆ ಬಂದರೆ ಪಾತ್ರೆ ಇದ್ದಿಲಾಗಿತ್ತು, ಪಕ್ಕದ ಕೋಣೆಯಲ್ಲಿ ಗಂಡ ಹಾಯಾಗಿ ಪತ್ರಿಕೆ ಓದುತ್ತಿದ್ದ. "ಯಾಕೆ ಹಾಗೆ ಏದುಸಿರು ಬಿಡ್ತಿದ್ದೀಯ?" ಎಂದು ಕೇಳಿದ. ಅವಳು ಅವನ ಮುಖ ನೋಡಿದಳು, ಅವನು ಅವಳ ಮುಖ ನೋಡಿದ. ಅವಳು ಸೀದ ಪಾತ್ರೆಯನ್ನು ಹಿತ್ತಲಿಗೆ ಒಯ್ದಳು, ಅವನು ಮತ್ತೆ ಪತ್ರಿಕೆ ಬಿಡಿಸಿದ.

ಮರುವಾರ ಅವನು ಕೆಲಸದ ಜಾಕೆಟನ್ನು ತಂದು ಅವಳ ಹೊಲಿಗೆ ಯಂತ್ರದ ಮೇಲಿಟ್ಟ. ಬೆಂಕಿಗೆ ಜಗ್ಗದ ದಪ್ಪ ಬಟ್ಟೆಯ ಜಾಕೆಟ್ಟು.

"ಎಡಗಡೆ, ಪಕ್ಕೆ ಹತ್ತಿರ, ಒಂದು ಒಳಜೇಬು ಹಾಕಿಕೊಡು. ಯಾರಿಗೂ ಗೊತ್ತಾಗಬಾರದು."

"ಎಷ್ಟು ದೊಡ್ಡದು?"

ಅವನು ಪ್ಯಾಂಟಿನ ಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದಾದ ಹಳದಿ ಪೆಟ್ಟಿಗೆಯೊಂದನ್ನು ತೆಗೆದು ತೋರಿಸಿದ. "ಇಷ್ಟು."

ಅದು ಮೀಟರು. ಅನಿಲ ತಾಕಿದರೆ ಕೂಗದೆ ಸುಮ್ಮನೆ ನಡುಗುವಂತೆ ಮಾಡಿಸಿಕೊಂಡು ಪೇಟೆಯಿಂದ ತಂದಿದ್ದ. ಟೈಲರಮ್ಮ ಟೇಪು ಹಿಡಿದು ಅಳೆದಳು. ಒಳಬಟ್ಟೆಯ ಹೊಲಿಗೆಯ ಸಾಲಿನಲ್ಲೇ ಬಾಯಿ ಬರುವಂತೆ, ಬೆರಳಿಟ್ಟು ಹುಡುಕಿದರೂ ಸಿಗದಂತೆ ಜೇಬು ಹೊಲಿದಳು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವಳು ಅದಕ್ಕೆ ಮುಂಚೆ ಮಾಡಿರಲಿಲ್ಲ. ಮುಂದಿನ ಐದು ವರ್ಷ ಮೇಸ್ತ್ರಿ ಬ್ಯಾಟರಿಯ ಉದ್ದಕ್ಕೂ ನಡೆದ, ಪಕ್ಕೆಯಲ್ಲಿ ನಡುಕ ಬಂದಾಗ ನಿಂತ, ಗದ್ದ ಎತ್ತಿ ಎರಡು ಸಲ ಉಸಿರೆಳೆದು "ಈ ಬಾಗಿಲು" ಎಂದು ಬೆರಳು ತೋರಿಸಿದ. ಜನ ತಲೆದೂಗಿದರು. ಹೊಗಳಿಸಿಕೊಂಡೇ ನಿವೃತ್ತನಾದ. ಜಾಕೆಟ್ಟೂ ಮೀಟರೂ ಟ್ರಂಕು ಸೇರಿದವು.

ಹೀಗಿರುವಾಗ ರೈಲು ಹಳಿಯಾಚೆಗಿನ ಬಯಲಿನಲ್ಲಿ ಒಂದು ಬೋರ್ಡು ಎದ್ದಿತು. ಹಸಿರು ಹೈಡ್ರೋಜನ್ ಘಟಕಕ್ಕೆ ಪ್ರಸ್ತಾಪಿಸಿದ ಜಾಗ ಎಂದು ಅದರ ಮೇಲೆ ಬರೆದಿತ್ತು. ಗಾಳಿ ಬಿಸಿಲುಗಳ ಕರೆಂಟಿನಿಂದ ನೀರನ್ನು ಒಡೆದು ಅನಿಲ ಮಾಡುತ್ತಾರಂತೆ, ಕೊಳವೆಯಲ್ಲಿ ಉಕ್ಕಿನ ಕಾರ್ಖಾನೆಗೆ ಹರಿಸುತ್ತಾರಂತೆ, ಅದಿರಿನಿಂದ ಕಬ್ಬಿಣ ತೆಗೆಯಲು ಇನ್ನು ಕೋಕಿನ ಬದಲು ಅದೇ ಸಾಕಂತೆ. ಬೀದಿಯವರು ಅಷ್ಟುದ್ದದ ಹೆಸರನ್ನು ಬಾಯಲ್ಲಿ ಹೊರಲಾರದೆ 'ನೀರ್ ಪ್ಲಾಂಟು' ಎಂದು ಕರೆದು ಕೈತೊಳೆದುಕೊಂಡರು. ಬೋರ್ಡಿನ ಪಕ್ಕದಲ್ಲಿ ತಗಡಿನ ಆಫೀಸೊಂದು ಬಂತು. ಮೇಸ್ತ್ರಿಯ ಮಗಳಿಗೆ ಅಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು.

ಅವಳು ಅಪ್ಪನ ಮಗಳೇ. ಮನಸ್ಸಿಗೆ ಬಂದದ್ದು ನಾಲಿಗೆಗೆ ಬರಲು ಹೊತ್ತು ಹಿಡಿಯುತ್ತಿರಲಿಲ್ಲ. ಅವಳ ತಮ್ಮ ಅಮ್ಮನ ಮಗ. ಬ್ಯಾಟರಿಯಲ್ಲಿ ಗುತ್ತಿಗೆಯ ಮೇಲೆ ಬಾಗಿಲಿನ ಕೆಲಸಕ್ಕಿದ್ದ. ಜೊತೆಯವರು ಅವನನ್ನು ಚಿಕ್ಕ ಮೂಗು ಎನ್ನುತ್ತಿದ್ದರು. ಹಾಗೆ ಕರೆದಾಗ ಅವನ ಕಿವಿ ಕೆಂಪಾಗುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು.

"ಅಪ್ಪ, ಇಪ್ಪತ್ತನಾಲ್ಕೇ ಸೀಟು," ಎಂದಳು ಮಗಳು ಒಂದು ಸಂಜೆ, ತಟ್ಟೆಗೆ ಅನ್ನ ಹಾಕಿಕೊಳ್ಳುತ್ತಾ. "ಆರು ತಿಂಗಳ ಟ್ರೈನಿಂಗು, ಸಂಬಳ ಕೊಟ್ಟು ಕಲಿಸ್ತಾರೆ. ಇದೊಂದು ಸಲ ಮಾತ್ರ ಕಾರ್ಖಾನೆಯವರಿಗೆ, ಅವರ ಮಕ್ಕಳಿಗೆ ಅಂತ ಇಟ್ಟಿದ್ದಾರೆ. ಮುಂದಿನ ಸಲದಿಂದ ಡಿಪ್ಲೊಮಾ ಇಲ್ಲದವರ ಅರ್ಜೀನೇ ಮುಟ್ಟಲ್ಲ."

"ಅದಕ್ಕೆ?"

"ಅದಕ್ಕೆ ಇವನ ಹೆಸರು ಬರ್ಕೊಳ್ತೀನಿ."

"ಯಾಕೆ, ಅವನಿಗೆ ಈಗ ಕೆಲಸ ಇಲ್ವಾ?"

"ಎಷ್ಟು ದಿನ ಇರುತ್ತೆ ಅಪ್ಪ? ಹಳೇ ಬ್ಯಾಟರಿ ರಿಪೇರಿ ಮಾಡಿಸಲ್ಲ ಅಂತ ನಮ್ಮ ಆಫೀಸಲ್ಲೇ ಮಾತಾಡ್ಕೊಳ್ತಿದ್ರು. ಅದು ನಿಂತರೆ ಮೊದಲು ಮನೆಗೆ ಹೋಗೋರು ಬಾಗಿಲಿನವರೇ."

"ನಾನು ಸೇರಿದ ದಿನದಿಂದ ಆ ಬ್ಯಾಟರಿ ಮುಚ್ಚುತ್ತೆ ಮುಚ್ಚುತ್ತೆ ಅಂತ ಕೇಳ್ತಾನೇ ಇದ್ದೀನಿ. ನಾನು ಮುದುಕನಾದೆ, ಅದು ಹಾಗೇ ಇದೆ." ಮೇಸ್ತ್ರಿ ಮಗನ ಕಡೆ ತಿರುಗಿದ. "ನೀನೇನಂತೀಯೋ?"

"ಯೋಚನೆ ಮಾಡ್ತಿದ್ದೀನಿ ಅಪ್ಪ," ಎಂದ ಮಗ. ಆಲೂಗೆಡ್ಡೆಯ ಹೋಳನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ಸರಿಸಿದ. "ಅಕ್ಕ ಹೇಳೋದರಲ್ಲೂ ಅರ್ಥ ಇದೆ."

"ಯೋಚನೆ ಮಾಡು, ಬೇಡ ಅನ್ನಲ್ಲ. ಮೊದಲು ಆ ಗ್ಯಾಸ್ ಎಂಥದ್ದು ಅಂತ ನಾನು ಕೇಳಿ ಬರ್ತೀನಿ. ಗ್ಯಾಸಿನ ವಿಷಯ ನಂಗೆ ಯಾರೂ ಹೇಳಿಕೊಡಬೇಕಾಗಿಲ್ಲ."

ಟೈಲರಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಹಾಕಿದಳು.

ಸಾರ್ವಜನಿಕ ಸಭೆ ಶಾಲೆಯ ಸಭಾಂಗಣದಲ್ಲಿ ನಡೆಯಿತು. ಮಕ್ಕಳು ಕೂರುವ ಬೆಂಚುಗಳಲ್ಲಿ ಮೊಣಕಾಲು ಮಡಚಲಾಗದೆ ಕಾರ್ಖಾನೆಯ ಜನ ಅಡ್ಡಡ್ಡ ಕೂತಿದ್ದರು. ವೇದಿಕೆಯ ಮೇಲೆ ಘಟಕದ ಎಂಜಿನಿಯರು, ಸಣಕಲು ಹೆಂಗಸು, ಗೋಡೆಯ ಮೇಲೆ ಚಿತ್ರ ತೋರಿಸಿ ವಿವರಿಸಿದಳು. ಪ್ರಶ್ನೆ ಇದ್ದರೆ ಕೇಳಿ ಎಂದಾಗ ಮೇಸ್ತ್ರಿ ಎದ್ದು ನಿಂತ. ಎಲ್ಲರ ಕತ್ತೂ ಅವನತ್ತ ತಿರುಗಿತು.

"ಮೇಡಂ, ನಿಮ್ಮ ಗ್ಯಾಸಿಗೆ ವಾಸನೆ ಇದೆಯಾ?"

"ಇಲ್ಲ ಸರ್."

"ಬಣ್ಣ?"

"ಅದೂ ಇಲ್ಲ."

"ಹೊತ್ತಿಕೊಂಡರೆ ಉರಿಯಾದರೂ ಕಾಣುತ್ತಾ?"

"ಹಗಲಲ್ಲಿ ಕಾಣೋದು ಕಷ್ಟ."

"ಮತ್ತೆ ಅದು ಸೋರ್ತಿದೆ ಅಂತ ಗೊತ್ತಾಗೋದು ಹೆಂಗೆ?"

"ಮೀಟರ್ ಇರುತ್ತೆ ಸರ್. ಗೋಡೆಯಲ್ಲಿ, ಕೊಳವೆಯಲ್ಲಿ, ಕೆಲಸ ಮಾಡೋ ಪ್ರತಿಯೊಬ್ಬರ ಜೇಬಲ್ಲೂ."

ಹಿಂದಿನ ಸಾಲಿನಲ್ಲಿ ಕೂತಿದ್ದ ಟೈಲರಮ್ಮ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಎಂಜಿನಿಯರು ಸಭೆಯನ್ನು ಹಗುರ ಮಾಡಲು ಹೋದಳು. ಪಾಪ, ಅಲ್ಲೇ ಎಡವಿದಳು. "ಮೀಟರ್ ಇಲ್ಲದ ಕಾಲದಲ್ಲಿ ಕೆಲಸದವರು ಉದ್ದ ಪೊರಕೆ ಮುಂದೆ ಚಾಚಿಕೊಂಡು ನಡೀತಿದ್ರಂತೆ. ಪೊರಕೆ ಹೊತ್ತಿಕೊಂಡರೆ ಅಲ್ಲಿ ಉರಿ ಇದೆ ಅಂತ ತಿಳೀತಿತ್ತು. ಈಗ ಆ ಕಷ್ಟ ಇಲ್ಲ."

"ಕೇಳಿದ್ರಾ?" ಮೇಸ್ತ್ರಿ ಸಭೆಯತ್ತ ತಿರುಗಿದ. "ಪೊರಕೆಯಂತೆ! ನಮ್ಮ ಮಕ್ಕಳು ಪೊರಕೆ ಹಿಡಿದು ಕೆಲಸಕ್ಕೆ ಹೋಗಬೇಕಂತೆ. ಮೂವತ್ತೊಂದು ವರ್ಷ ನನ್ನ ಬ್ಯಾಟರಿಯಲ್ಲಿ ಒಂದು ಹೆಣ ಬಿದ್ದಿಲ್ಲ. ಮೀಟರ್ ನಂಬಿ ಅಲ್ಲ, ಇದನ್ನ ನಂಬಿ!" ಎಂದು ಮೂಗನ್ನು ಎರಡು ಸಲ ತಟ್ಟಿಕೊಂಡ.

ಬೆಂಚು ಕುಟ್ಟಿದರು, ಶಿಳ್ಳೆ ಹಾಕಿದರು. ಆ ಹನ್ನೊಂದು ಜನರಲ್ಲಿ ಉಳಿದಿದ್ದ ಒಬ್ಬ ಮುದುಕ ಎದ್ದು ಬಂದು ಮೇಸ್ತ್ರಿಯ ಕೈಹಿಡಿದ. ಚಿಕ್ಕ ಮೂಗಿನ ಬೆನ್ನ ಮೇಲೆ ನಾಲ್ಕಾರು ಕೈಗಳು ಬಿದ್ದವು. ಮಗಳು ಮಾತ್ರ ಬಾಗಿಲ ಬಳಿ ಅರ್ಜಿಗಳ ಕಟ್ಟನ್ನು ಎದೆಗವಚಿಕೊಂಡು ತುಟಿ ಕಚ್ಚಿ ನಿಂತಿದ್ದಳು.

ಮನೆಗೆ ನಡೆದು ಬರುವಾಗ ಟೈಲರಮ್ಮ ಮೆಲ್ಲಗೆ ಕೇಳಿದಳು, "ರೀ, ಅಷ್ಟೆಲ್ಲ ಹೇಳಬೇಕಿತ್ತಾ?"

"ಏನು ಸುಳ್ಳು ಹೇಳಿದೆ? ಹೆಣ ಬಿದ್ದಿದೆಯಾ?"

"ಇಲ್ಲ."

"ಮತ್ತೆ?"

ಅವಳು ಸೆರಗು ಸರಿಮಾಡಿಕೊಂಡಳು. ಅವನು ಅಂದು ಹತ್ತು ವರ್ಷ ಚಿಕ್ಕವನಂತೆ ನಡೆಯುತ್ತಿದ್ದ. ಅದನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ.

ಮಾರನೆಯ ದಿನ ತಗಡಿನ ಆಫೀಸಿನ ಬಾಗಿಲಿಗೆ ಯಾರೋ ಒಂದು ಪೊರಕೆ ಒರಗಿಸಿಟ್ಟಿದ್ದರು. ಅದರ ಮಾರನೆಯ ದಿನ ಮೂರು. ಮಗಳು ಆ ಮೂರನ್ನೂ ಮನೆಗೆ ತಂದು ಅಪ್ಪನ ಕುರ್ಚಿಯ ಪಕ್ಕ ಎಸೆದಳು.

"ತಗೊಳ್ಳಿ, ನಿಮ್ಮ ಬಹುಮಾನ. ಸಭೆ ಆದಾಗಿಂದ ಒಬ್ಬರೂ ಹೆಸರು ಕೊಡ್ತಿಲ್ಲ. ಬಂದವರು ನಕ್ಕೊಂಡು ಹೋಗ್ತಿದ್ದಾರೆ."

"ನಾನೇನು ಅವರ ಕಾಲು ಕಟ್ಟಿದ್ದೀನಾ?"

"ಅವರದು ಹಾಳಾಗಲಿ. ಇವನ ಕಾಲು ಕಟ್ಟಿದ್ದೀರಲ್ಲ!"

"ಅವನು ನನ್ನ ಮಗ. ಊರ ಮುಂದೆ ನಾನು ಅಷ್ಟು ಹೇಳಿದ ಮೇಲೂ ಅವನು ಹೋಗಿ ಹೆಸರು ಕೊಟ್ಟರೆ ನನ್ನ ಮೂಗು ಕೊಯ್ದ ಹಾಗೆ. ಅವನಿಗೆ ಅಷ್ಟು ಗೊತ್ತಿದೆ."

"ನಿಮ್ಮ ಮೂಗು, ನಿಮ್ಮ ಮೂಗು! ಈ ಮನೇಲಿ ಬೇರೆಯವರಿಗೆ ಮುಖಾನೇ ಇಲ್ವಾ?"

ಮೇಸ್ತ್ರಿ ಚಹಾದ ಲೋಟ ಕುಕ್ಕಿ ಎದ್ದುಹೋದ. ಟೈಲರಮ್ಮ ಮೂರು ಪೊರಕೆಗಳನ್ನೂ ಎತ್ತಿ ಹಿತ್ತಲ ಮೂಲೆಯಲ್ಲಿ ನಿಲ್ಲಿಸಿದಳು. ಚೆನ್ನಾಗಿಯೇ ಇದ್ದವು, ವರ್ಷಗಟ್ಟಲೆ ಗುಡಿಸಬಹುದಿತ್ತು.

ಪಟ್ಟಿ ಮುಚ್ಚಲು ಎರಡು ದಿನ ಉಳಿದಿತ್ತು. ನಗುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ, ಪಕ್ಕದವನಿಗೆ ತಿಳಿಯದಂತೆ, ಆಫೀಸಿನ ಹಿಂಬಾಗಿಲಿಂದ ಹೆಸರು ಬರೆಸಿ ಹೋಗತೊಡಗಿದ್ದರು. ಎರಡೇ ಸೀಟು ಬಾಕಿ ಎಂದು ಮಗಳು ಹೇಳಿದ್ದಳು. ಬುಧವಾರ ಮಧ್ಯಾಹ್ನ ಮಗ ಬಂದು ಅಮ್ಮನ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತ. ಬಟನ್ ಡಬ್ಬಿ ತೆಗೆದು, ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆ, ಬಣ್ಣ ಬಣ್ಣದ್ದನ್ನು ಬೇರೆ ಮಾಡತೊಡಗಿದ.

"ಅಮ್ಮ, ನೀನೇನಂತೀಯ?"

"ಯಾವುದಕ್ಕೆ?"

"ಗೊತ್ತಿಲ್ಲದವಳ ಹಾಗೆ ಕೇಳ್ಬೇಡ. ಅಕ್ಕ ಹೋಗು ಅಂತಾಳೆ. ಅಪ್ಪ ಬೇಡ ಅಂತಾರೆ. ನನಗೂ ಹೋಗಬೇಕು ಅನ್ಸುತ್ತೆ. ಆದರೆ ಅಪ್ಪ ಹೇಳೋದು ತೆಗೆದುಹಾಕೋ ಮಾತಲ್ಲ. ವಾಸನೆ ಇಲ್ಲದ ಗ್ಯಾಸ್ ಜೊತೆ ಕೆಲಸ ಮಾಡೋದು ಅಂದರೆ ಕಣ್ಣು ಕಟ್ಕೊಂಡು ರಸ್ತೆ ದಾಟಿದ ಹಾಗಂತೆ. ಅವರ ಮೂಗು ಇಲ್ಲದಿದ್ದರೆ ನಾವೆಲ್ಲ ಎಲ್ಲಿ ಇರ್ತಿದ್ವು? ನೀನು ಹೇಳಮ್ಮ. ನೀನು ಏನು ಹೇಳಿದರೂ ಕೇಳ್ತೀನಿ."

ಟೈಲರಮ್ಮನ ಹಲ್ಲಿನ ನಡುವೆ ದಾರವಿತ್ತು. ಅದನ್ನು ಕಚ್ಚಿ ತುಂಡು ಮಾಡಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ನಾಲ್ಕು ಮಾತು ಸಾಕಿತ್ತು. ನಿಮ್ಮಪ್ಪನಿಗೆ ಏಳು ವರ್ಷದಿಂದ ವಾಸನೆ ಬರುವುದಿಲ್ಲ, ಅವರನ್ನೂ ಉಳಿದವರನ್ನೂ ಕಾಪಾಡಿದ್ದು ಜೇಬಿನ ಮೀಟರು, ಹೋಗಿ ಹೆಸರು ಬರೆಸು. ಪಕ್ಕದ ಕೋಣೆಯಲ್ಲಿ ಗಂಡ ಕೆಮ್ಮಿದ. ಅವಳ ಧೈರ್ಯ ಉಡುಗಿತು.

"ನನಗೇನು ತಿಳಿಯುತ್ತೆ? ಅಪ್ಪನ್ನೇ ಕೇಳು. ಗ್ಯಾಸಿನ ವಿಷಯ ಅವರಿಗೆ ಗೊತ್ತು," ಎಂದಳು.

ಮಗ ಬಟನ್ನುಗಳನ್ನೆಲ್ಲ ಮತ್ತೆ ಒಟ್ಟಿಗೆ ಡಬ್ಬಿಗೆ ಸುರಿದು ಎದ್ದುಹೋದ.

ಹೇಳಿದ ಕ್ಷಣದಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೊಲಿದದ್ದನ್ನೇ ಬಿಚ್ಚಿದಳು, ಬಿಚ್ಚಿದ್ದನ್ನೇ ಹೊಲಿದಳು. ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು; ಹೊಲಿಗೆಯವಳಿಗೆ ಹೊಳೆಯಬಹುದಾದ ಉಪಾಯ. ಮಗನ ಜಾಕೆಟ್ಟಿನ ತೋಳು ಸುಟ್ಟು ತೂತಾಗಿತ್ತು. ಅವಳು ಟ್ರಂಕು ತೆರೆದು ಗಂಡನ ಹಳೆಯ ಜಾಕೆಟ್ಟು ತೆಗೆದಳು. ಹಳದಿ ಮೀಟರು ಅದರ ಪಕ್ಕದಲ್ಲೇ ಇತ್ತು. ಸೆಲ್ಲು ಯಾವಾಗಲೋ ಸತ್ತಿತ್ತು. ಅದನ್ನು ಒಳಜೇಬಿಗಿಟ್ಟು, ಗುರುವಾರ ಬೆಳಿಗ್ಗೆ ಜಾಕೆಟ್ಟನ್ನು ಮಗನ ಕೈಗೆ ಕೊಟ್ಟಳು.

"ನಿನ್ನದು ರಿಪೇರಿಗೆ ಬರಲ್ಲ. ಅಪ್ಪಂದು ಹಾಕ್ಕೋ."

ಮಗನ ಮುಖ ಅರಳಿತು. ಹಾಕಿಕೊಂಡು ಭುಜ ಕುಣಿಸಿ ನೋಡಿಕೊಂಡ. "ಭಾರ ಇದೆ ಅಲ್ವಾ ಅಮ್ಮ?"

"ಹಳೇ ಕಾಲದ ಬಟ್ಟೆ. ಸರಿಯಾಗಿ ಮುಟ್ಟಿ ನೋಡ್ಕೋ, ಎಲ್ಲಾದರೂ ಹೊಲಿಗೆ ಬಿಟ್ಟಿದ್ರೆ ಹೇಳು."

"ನಿನ್ನ ಹೊಲಿಗೆ ಯಾವಾಗ ಬಿಟ್ಟಿದೆ?" ಎಂದು ನಗುತ್ತಾ ಹೋದ.

ದಿನದಲ್ಲಿ ಒಂದು ಸಲವಾದರೂ ಅವನ ಕೈ ಪಕ್ಕೆಗೆ ಹೋಗುತ್ತದೆ, ಗಟ್ಟಿಯಾದ್ದು ತಾಕುತ್ತದೆ, ತೆಗೆದು ನೋಡುತ್ತಾನೆ, ತಿಳಿಯಬೇಕಾದ್ದು ತಿಳಿಯುತ್ತದೆ, ಯಾರೂ ಯಾರ ಮುಂದೆಯೂ ಬಾಯಿಬಿಡಬೇಕಿಲ್ಲ. ಹಾಗೆಂದು ಅವಳು ಲೆಕ್ಕ ಹಾಕಿದ್ದಳು. ಗುರುವಾರ ಸಂಜೆ ಮಗ ಬಂದ. ಅಪ್ಪನ ಜಾಕೆಟ್ಟು ಕಂಡು ಜೊತೆಯವರೆಲ್ಲ ಹೇಗೆ ಎದ್ದು ನಿಂತರು ಎಂದು ಹೇಳಿ ನಕ್ಕ. ಶುಕ್ರವಾರ ಅವಳು ಬಾಗಿಲಲ್ಲೇ ಕಾದಳು. ಆಫೀಸು ಐದಕ್ಕೆ ಮುಚ್ಚುತ್ತದೆ. ನಾಲ್ಕೂಮುಕ್ಕಾಲಿಗೆ ಮಗ ಜಾಕೆಟ್ಟನ್ನು ಹೆಗಲಿಗೆ ಹಾಕಿಕೊಂಡು ಬಂದ. ಚಪ್ಪಲಿ ಮೆಟ್ಟಿ ಓಡಿದರೆ ರೈಲು ಹಳಿ ಹತ್ತು ನಿಮಿಷ.

"ಜಾಕೆಟ್ ಹೇಗಿತ್ತೋ?"

"ಚೆನ್ನಾಗಿತ್ತು."

"ಏನೂ... ಚುಚ್ಚಲಿಲ್ವಾ?"

"ಇಲ್ಲವಲ್ಲ. ಯಾಕೆ?"

"ಏನಿಲ್ಲ. ಕೈಕಾಲು ತೊಳಿ, ಚಹಾ ಕೊಡ್ತೀನಿ."

ಐದೂವರೆಗೆ ಮಗಳು ಬಂದಳು. ಯಾರ ಮುಖವನ್ನೂ ನೋಡದೆ ಚೀಲವನ್ನು ಮೊಳೆಗೆ ಹಾಕಿದಳು. "ಮುಗೀತು. ಕೊನೇ ಸೀಟು ಕ್ರೇನ್ ಡ್ರೈವರ್ ಮಗಳಿಗೆ ಹೋಯ್ತು. ಐದಾಗೋವರೆಗೂ ಪೆನ್ನು ಮುಚ್ಚದೆ ಕೂತಿದ್ದೆ ಕಣೋ." ತಮ್ಮ ನೆಲ ನೋಡಿದ. ಮೇಸ್ತ್ರಿ ಪತ್ರಿಕೆಯ ಹಾಳೆ ತಿರುಗಿಸಿದ. ಟೈಲರಮ್ಮನ ಚಹಾ ಅಂದು ಎಲ್ಲರ ಲೋಟದಲ್ಲೂ ಆರಿಹೋಯಿತು.

ಮುಂದಿನ ವಾರ ಮಗಳು ಒಂದು ಕಟ್ಟು ನೀಲಿ ಬಟ್ಟೆ ತಂದಳು. ಟ್ರೈನಿಂಗಿನವರಿಗೆ ಇಪ್ಪತ್ತನಾಲ್ಕು ಜಾಕೆಟ್ಟು ಹೊಲಿಯುವ ಕೆಲಸ ಅಮ್ಮನಿಗೇ ಸಿಕ್ಕಿತ್ತು. ಅಳತೆಗಳ ಪಟ್ಟಿಯ ಜೊತೆ ಒಂದು ಚಿತ್ರವೂ ಇತ್ತು: ಎದೆಯ ಎಡಭಾಗದಲ್ಲಿ, ಹೊರಗೆ, ಎಲ್ಲರಿಗೂ ಕಾಣುವಂತೆ ಮೀಟರಿನ ಜೇಬು. ಟೈಲರಮ್ಮ ಮೂರು ವಾರ ತಲೆ ಎತ್ತದೆ ಹೊಲಿದಳು. ಉದ್ದ ತೋಳಿನದು, ಗಿಡ್ಡ ತೋಳಿನದು, ಹೊಟ್ಟೆ ಬಂದವನದು, ಕೊನೆಗೆ ಕ್ರೇನ್ ಡ್ರೈವರನ ಮಗಳ ಸಣ್ಣ ಭುಜದ್ದು. ಮಗನ ಅಳತೆ ಅವಳಿಗೆ ಟೇಪಿಲ್ಲದೆ ಗೊತ್ತಿತ್ತು. ಆ ಅಳತೆಯದು ಒಂದೂ ಇರಲಿಲ್ಲ. ಇಪ್ಪತ್ತನಾಲ್ಕು ಹೊರಜೇಬುಗಳನ್ನು ಹೊಲಿಯುತ್ತಾ ಅವಳು ತನ್ನ ಒಂದು ಒಳಜೇಬನ್ನು ಮನಸ್ಸಿನಲ್ಲೇ ಶಪಿಸಿದಳು. ಮಗ ಹಾಕಿಕೊಂಡು ಹೋಗುತ್ತಿದ್ದ ಆ ಹಳೆಯ ಜಾಕೆಟ್ಟು ದಿನವೂ ಸಂಜೆ ಬಾಗಿಲ ಹಿಂದಿನ ಮೊಳೆಗೆ ಬಂದು ತೂಗುತ್ತಿತ್ತು. ಮೀಟರನ್ನು ತೆಗೆದುಬಿಡೋಣ ಎಂದು ಎರಡು ಸಲ ಹತ್ತಿರ ಹೋಗಿ, ಕೈ ಬರದೆ ಹಿಂದಿರುಗಿದಳು.

ಅದಾಗಿ ಹತ್ತು ದಿನಕ್ಕೆ ಕಾರ್ಖಾನೆಯ ಗೇಟಿನಲ್ಲಿ ನೋಟಿಸು ಅಂಟಿಸಿದರು. ಹಳೆಯ ಬ್ಯಾಟರಿಯನ್ನು ರಿಪೇರಿ ಮಾಡುವುದಿಲ್ಲ, ಒಲೆಗಳನ್ನು ಆರಿಸಲಾಗುವುದು, ಬಾಗಿಲಿನವರ ಗುತ್ತಿಗೆ ತಿಂಗಳ ಕೊನೆಗೆ ಮುಗಿಯುವುದು. ಮೇಸ್ತ್ರಿ ತಾನೇ ಹೋಗಿ ಓದಿಕೊಂಡು ಬಂದ. "ನಾಲ್ಕು ದಿನ ಆರಿಸಿ ಮತ್ತೆ ಹಚ್ತಾರೆ, ನೋಡ್ತಿರಿ," ಎಂದ. ಅವನಿಗೂ ತನ್ನ ಮಾತಿನ ಮೇಲೆ ನಂಬಿಕೆ ಇದ್ದಂತೆ ಕಾಣಲಿಲ್ಲ.

ತಿಂಗಳು ಮುಗಿದ ಮೇಲಿನ ಭಾನುವಾರ. ಮಧ್ಯಾಹ್ನದ ಊಟಕ್ಕೆ ತಟ್ಟೆಗಳಿಟ್ಟಿತ್ತು. ಮಗ ಹಿತ್ತಲಲ್ಲಿ, ಅಪ್ಪನಿಗೆ ಶುಭ್ರ ಮಾಡಿ ಹಿಂದಿರುಗಿಸಬೇಕೆಂದು, ಜಾಕೆಟ್ಟನ್ನು ಕಲ್ಲಿನ ಮೇಲೆ ಹಾಸಿ ಉಜ್ಜುತ್ತಿದ್ದ. ಬ್ರಷ್ಷಿನ ಸದ್ದು ತಟ್ಟನೆ ನಿಂತಿತು. ಟೈಲರಮ್ಮನ ಕೈಯಲ್ಲಿದ್ದ ಸೌಟೂ ನಿಂತಿತು.

ಮಗ ಒಳಗೆ ಬಂದ. ಕೈಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಹಳದಿ ಮೀಟರನ್ನು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟ.

"ಯಾವಾಗಿಂದ ಅಪ್ಪ?"

ಮೇಸ್ತ್ರಿ ಅದನ್ನು ನೋಡಿದ. ಅನ್ನ ಕಲೆಸುತ್ತಿದ್ದ ಕೈ ಹಾಗೇ ಉಳಿಯಿತು. "ಏನದು?" ಎಂದು ಶುರುಮಾಡಿದವನು ಮಗನ ಮುಖ ಕಂಡು ನಿಲ್ಲಿಸಿದ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದ, "ಏಳು ವರ್ಷ. ಆ ಜ್ವರ ಬಂದಿತ್ತಲ್ಲ, ಅಲ್ಲಿಂದ."

"ಏನೂ ಬರಲ್ವಾ ವಾಸನೆ?"

"ಏನೂ ಇಲ್ಲ."

"ಅಂದರೆ ಆ ದಿನ ಸ್ಕೂಲಲ್ಲಿ..." ಮಗಳ ದನಿ ಏರಿತು. "ಅಷ್ಟು ಜನರ ಮುಂದೆ ಮೂಗು ತಟ್ಕೊಂಡ್ರಲ್ಲ ಅಪ್ಪ! ಕಡೇ ಐದು ವರ್ಷ ನಿಮ್ಮನ್ನ, ನಿಮ್ಮ ಜನರನ್ನ ಉಳಿಸಿದ್ದೇ ಈ ಮೀಟರು. ಅದನ್ನೇ ಎದ್ದು ನಿಂತು ಹೇಳಿದ್ದಿದ್ರೆ ಮೊದಲ ಹೆಸರು ಇವನದೇ ಇರ್ತಿತ್ತು."

"ಹೇಳಿದ್ರೆ ನನ್ನನ್ನ ಯಾರು ಮೇಸ್ತ್ರಿ ಅಂತಿದ್ರು?" ಎಂದ ಅವನು. ಕೋಪದಿಂದ ಹೇಳಲು ಹೋದದ್ದು ಬೇಡಿಕೊಂಡ ಹಾಗೆ ಕೇಳಿಸಿತು. "ಬ್ಯಾಟರಿಯಲ್ಲಿ ಬೆಂಕಿಗೆ ಹೆದರದವನು ನಾನು. ಇದಕ್ಕೆ ಹೆದರಿದೆ. ಮೂಗು ಹೋಯ್ತು ಅಂದರೆ ಗೇಟಿನ ಹತ್ತಿರ ಸ್ಟೂಲ್ ಹಾಕಿ ಕೂರಿಸ್ತಿದ್ರು."

ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆ ತಿರುಗಿದ.

"ಆ ಜೇಬಿನ ಹೊಲಿಗೆ ನಿಂದು."

"ಹೂಂ."

"ಜೇಬು ಅಪ್ಪಂದೇ ಇರಬಹುದು. ಮೀಟರ್ ಅದರಲ್ಲಿ ಹೇಗೆ ಬಂತು? ಜಾಕೆಟ್ ನನ್ನ ಕೈಗೆ ಕೊಟ್ಟಿದ್ದು ನೀನು."

"ನಾನೇ ಇಟ್ಟೆ ಕಣೋ. ಆ ಗುರುವಾರ. ನಿನ್ನ ಕೈಗೆ ಸಿಗುತ್ತೆ, ನೀನೇ ತಿಳ್ಕೊಳ್ತೀಯ, ಶುಕ್ರವಾರದೊಳಗೆ ಹೋಗಿ..." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಗ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಅವನು ಕೂಗಿದ್ದರೆ, ತಟ್ಟೆ ಎಸೆದಿದ್ದರೆ, ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಾನು ನಿನ್ನ ಪಕ್ಕದಲ್ಲೇ ಕೂತು ಕೇಳಿದ್ದೆ," ಎಂದ. "ಬಾಯಲ್ಲಿ ಹೇಳಬಹುದಿತ್ತಲ್ಲಮ್ಮ."

ಅಂದಿನ ಅನ್ನ ಹಾಗೇ ಉಳಿಯಿತು. ಸಂಜೆ ಮೇಸ್ತ್ರಿ ಅಂಗಿ ಹಾಕಿಕೊಂಡು ಯಾರಿಗೂ ಹೇಳದೆ ತಗಡಿನ ಆಫೀಸಿನವರೆಗೆ ನಡೆದುಹೋದ. ಭಾನುವಾರವಾದ್ದರಿಂದ ಬೀಗ ಹಾಕಿತ್ತು. ಸೋಮವಾರ ಮತ್ತೆ ಹೋದ. ಎಂಜಿನಿಯರಿನ ಮುಂದೆ ಕೂತು, ಆ ದಿನ ತಾನು ಆಡಿದ ಮಾತು ತಪ್ಪು, ಮೀಟರಿನಿಂದಲೇ ಬದುಕಿದವನು ತಾನು, ಮಗನನ್ನು ಹೇಗಾದರೂ ಸೇರಿಸಿಕೊಳ್ಳಬೇಕು ಎಂದು ಕೇಳಿಕೊಂಡ. ಹಾಗೆಂದು ಮಗಳು ಬಂದು ಹೇಳಿದಳು. ಮೇಜಿನಾಚೆ ಕೂತು ಟೈಪು ಮಾಡುತ್ತಿದ್ದ ಅವಳಿಗೆ ಕಣ್ಣೆತ್ತಿ ನೋಡಲಾಗಲಿಲ್ಲವಂತೆ. ಎಂಜಿನಿಯರು ಚಹಾ ತರಿಸಿ ಕೊಟ್ಟಳು, ಮರ್ಯಾದೆಯಿಂದಲೇ ಮಾತಾಡಿದಳು. ಪಾಠ ಶುರುವಾಗಿ ತಿಂಗಳಾಗಿದೆ, ಯಾರೂ ಬಿಟ್ಟುಹೋಗಿಲ್ಲ, ಮುಂದಿನ ಸಲಕ್ಕೆ ಡಿಪ್ಲೊಮಾ ಬೇಕೇ ಬೇಕು ಎಂದಳು.

ಮಗನಿಗೆ ಬಸ್ಸಿನಲ್ಲಿ ಎರಡು ಗಂಟೆ ದೂರದ ಸಿಮೆಂಟು ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಬೇಗ ಹೊರಡುತ್ತಾನೆ, ಸಂಜೆ ರೆಪ್ಪೆಯ ಮೇಲೆಲ್ಲ ಬೂದು ಪುಡಿ ಹೊತ್ತು ಬರುತ್ತಾನೆ. ಮಾತು ಬಿಟ್ಟಿಲ್ಲ. "ಉಪ್ಪು ಕೊಡು", "ನಾಳೆ ಡಬ್ಬಿ ಬೇಡ" ಎನ್ನುತ್ತಾನೆ. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಮಾತ್ರ ಮತ್ತೆ ಕೂತಿಲ್ಲ. ಅವನನ್ನು ಯಾರೂ ಈಗ ಚಿಕ್ಕ ಮೂಗು ಎನ್ನುವುದಿಲ್ಲ. ಗೋದಾಮಿನಲ್ಲಿ ಆ ಹೆಸರು ಯಾರಿಗೂ ಗೊತ್ತಿಲ್ಲ.

ಒಂದು ಬೆಳಿಗ್ಗೆ ಅವನು ಹೊರಟು ನಿಂತು ಚಪ್ಪಲಿಯ ಪಟ್ಟಿ ಕಟ್ಟುತ್ತಿದ್ದ. ಮಗಳು ತಲೆ ಬಾಚಿಕೊಳ್ಳುತ್ತಿದ್ದಳು. ಟೈಲರಮ್ಮ ಹಾಲಿನ ಪಾತ್ರೆ ಹಿಡಿದು, ಯಾವ ಯೋಚನೆಯೂ ಇಲ್ಲದೆ, ವರ್ಷಗಳ ರೂಢಿಯಂತೆ ಹೋಗಿ ಗಂಡನ ಮುಂದೆ ನಿಂತುಬಿಟ್ಟಳು. ಮೇಸ್ತ್ರಿಯೂ ರೂಢಿಯಂತೆ ಕನ್ನಡಕವನ್ನು ಹಣೆಗೇರಿಸಿದ, ಗದ್ದ ಎತ್ತಿದ. ಆಮೇಲೆ ಬಾಗಿಲಲ್ಲಿದ್ದ ಮಗನನ್ನು ನೋಡಿ ಗದ್ದ ಇಳಿಸಿದ.

"ನನಗೆ ತಿಳಿಯಲ್ಲ," ಎಂದ. "ನೀನೇ ನೋಡು. ಇಷ್ಟು ವರ್ಷ ಅಲ್ಲಿ ಒಳಗೆ ನಿಂತು ನೀನೇ ತಾನೆ ನೋಡ್ತಿದ್ದದ್ದು."

ಗಂಡನಿಗೆ ಮೊದಲಿಂದಲೂ ಗೊತ್ತಿತ್ತು. ಟೈಲರಮ್ಮ ಅಡುಗೆಮನೆಗೆ ಹೋಗಲಿಲ್ಲ. ಅಲ್ಲೇ, ಮೂವರ ಎದುರಿನಲ್ಲಿ, ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಚಪ್ಪಲಿ ಕಟ್ಟುತ್ತಿದ್ದ ಮಗ ತಲೆ ಎತ್ತಿ ಕಾದ.

"ಹುಳಿಯಾಗಿದೆ," ಎಂದಳು, ಎಲ್ಲರಿಗೂ ಕೇಳುವಂತೆ.

ಮಗ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಡಬ್ಬಿ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.